ಪದಕ್ಕೆ ನಲವತ್ತು ಫಿಲ್ಸ್

ನಾಯಿಫ್ ರಸ್ತೆಯ ನಮ್ಮ ಟೈಪಿಂಗ್ ಅಂಗಡಿಗೆ
ಬಾತ್ರಾ ಬಂದದ್ದು ಮಧ್ಯಾಹ್ನದ ಬಾಂಗಿನ ಹೊತ್ತಿಗೆ,
ಬೆವರದ ಕೋಟು ತೊಟ್ಟು.
ಮೂವತ್ತೆರಡು ಪುಟ. ಇಂಟರ್ನೆಟ್ ಆಟಗಳ ನಿಯಂತ್ರಣ:
ಉದ್ಯಮದ ವಿನಮ್ರ ಸಲಹೆಗಳು.
ಊರಲ್ಲಿ ಕಾನೂನು ಬರೆಯುವ ಸಮಿತಿ ಓದಬೇಕಂತೆ,
ಕನ್ನಡದಲ್ಲಿ, ಶನಿವಾರದೊಳಗೆ.
ಪದಕ್ಕೆ ನಲವತ್ತು ಫಿಲ್ಸ್.
ಒಪ್ಪಿದೆ.

ಒಂದೇ ಷರತ್ತು, ಅಂದ. 'ಜೂಜು' ಬೇಡ.
ಮತ್ತೇನು ಬರೆಯಲಿ?
ನೀವೇ ಹೇಳಿ, ನಿಮ್ಮದು ಹಳೆಯ ಭಾಷೆಯಲ್ಲವೇ.

ಹಳೆಯದೇ. ಲೆತ್ತ ಇದೆ, ದಾಳ ಇದೆ, ಪಣ, ಪಂದ್ಯ,
ಓಸಿ, ಇಸ್ಪೀಟು, ಅಂದರ್ ಬಾಹರ್,
ದೀಪಾವಳಿಯ ರಾತ್ರಿ ಪೊಲೀಸರೂ ಕಣ್ಣು ಮುಚ್ಚುವ
ಹೆಸರಿಲ್ಲದ್ದೂ ಒಂದಿದೆ.
ಒಂದೊಂದಕ್ಕೂ ಮೇಜಿನ ಗಾಜು ತಟ್ಟಿ
ಉಗುರಲ್ಲೇ ಆಚೆ ಸರಿಸಿದ.
ಕೊನೆಗೆ 'ಕೌಶಲ' ಅಂದೆ.
ಅದು ಅವನಿಗೂ ಗೊತ್ತಿದ್ದ ಪದ. ಖರ್ಜೂರದ ಹಾಗೆ
ಬಾಯೊಳಗೆ ಅತ್ತಿತ್ತ ಹೊರಳಿಸಿ
ಬೀಜ ಉಗುಳದೆ ನುಂಗಿದ.

ಕೌಶಲ ಕ್ರೀಡೆ. ಕೌಶಲ ಠೇವಣಿ.
ಸೋಲು ಅನ್ನುವಲ್ಲಿ 'ಅನುಭವ' ಅಂತ ಹಾಕಿದೆ.
ಅದನ್ನು ಅವನು ಕೇಳಿರಲಿಲ್ಲ, ಅದು ನನ್ನದೇ.
ಎರಡನೆಯ ರಾತ್ರಿಗೆ
ಕೈಗೆ ಅಷ್ಟು ಸಲೀಸಾಗಿ ಬಂದುಬಿಟ್ಟಿತ್ತು.

ಶುಕ್ರವಾರ, ಅಲ್ ಕೂಸ್ ಕ್ಯಾಂಪಿನಿಂದ ದ್ಯಾಮಣ್ಣ,
ಕಟ್ಟಡಗಳಿಗೆ ಸಾರುವೆ ಕಟ್ಟುವವ, ಕುಷ್ಟಗಿ ಕಡೆಯವ,
ಎರಡು ತಿಂಗಳ ಮುಂಗಡಕ್ಕೆ ಅರ್ಜಿ ಬರೆಸಲು ಬಂದ.
ಕಾರಣ ಏನು ಹಾಕಲಿ?
ಎದುರಿಗೆ ಫೋನಿಟ್ಟ. ಒಡೆದ ಗಾಜಿನ ಕೆಳಗೆ
ರಾಣಿಯೊಬ್ಬಳು ಕಣ್ಣು ಮಿಟುಕಿಸುತ್ತಲೇ ಇದ್ದಳು.
"ಜೂಜಾಡಿ ಕಳಕೊಂಡೀನಿ ಅಂತ ಬರೀರಿ ಅಕ್ಕಾರ.
ಸುಳ್ಳ್ಯಾಕ?"

ವಾರದಿಂದ ಆ ಪದ ಯಾರ ಬಾಯಲ್ಲೂ ಕೇಳಿರಲಿಲ್ಲ.
ಹಸಿಮೆಣಸು ಕಚ್ಚಿದ ಹಾಗೆ
ಕಿವಿ ಬಿಸಿಯಾಯಿತು.

ಈ ದೇಶದಲ್ಲಿ ಹಾಗೆ ಬರೆದುಕೊಟ್ಟರೆ
ಮುಂಗಡ ಬರೋದಿಲ್ಲ ದ್ಯಾಮಣ್ಣ, ಪೊಲೀಸರು ಬರುತ್ತಾರೆ:
ಇಷ್ಟನ್ನೂ ಮನಸ್ಸಿನಲ್ಲೇ ಹೇಳಿಕೊಂಡು
ಕಾರಣದ ಖಾನೆಯಲ್ಲಿ
'ಮನೆ ಖರ್ಚು' ಅಂತ ಟೈಪಿಸಿದೆ.
ಆ ಲಿಪಿ ಅವನಿಗೆ ಓದಲು ಬಾರದು.
"ಬರದ್ರೇನ್ರಿ?" ಅಂದ.
ಹೂಂ ಅಂದೆ. ಸಹಿ ಹಾಕಿದ,
ಸುಣ್ಣದ ಬೆರಳಿನ ಗುರುತು ಬಿಟ್ಟು.

ಹದಿನೈದು ದಿರಹಂ ಅವನ ಹತ್ತಿರ ಇರಲಿಲ್ಲ.
ಬಾತ್ರಾನ ಬಿಲ್ಲಿಗೆ
ಮೂವತ್ತೆಂಟು ಪದ ಜಾಸ್ತಿ ಸೇರಿಸಿದೆ.
ಯಾವುವು ಅಂತ
ಅವರ ಕಡೆಯವರು ಇನ್ನೂ ಕೇಳಿಲ್ಲ.