ಗುರುತಿನ ನಡುವೆ ಖಾಲಿ ಜಾಗ

ಬಳೆ ನಿಲ್ಲುವ ಕಡೆಯಿಂದ ನಾಲ್ಕು ಬೆರಳು ಮೇಲೆ
ಹಲ್ಲಿನ ಸಾಲು, ಅರ್ಧಚಂದ್ರದ ಹಾಗೆ.
ಎಣಿಸಿದೆ. ಮೇಲೆ ಐದು, ಕೆಳಗೆ ಆರು.
ಮೇಲಿನ ಸಾಲಿನ ನಡುವೆ ಒಂದು ಕಡೆ
ಚರ್ಮಕ್ಕೆ ಏನೂ ಆಗಿಲ್ಲ.
ಹೋದ ವಾರವಷ್ಟೇ ಅಲ್ಲಿನ ಹಲ್ಲು ಬಿದ್ದಿತ್ತು,
ಕಾಗದದಲ್ಲಿ ಸುತ್ತಿ ತಂದು ತೋರಿಸಿದ್ದ
ಎರಡನೇ ಕ್ಲಾಸಿನ ಓಬಳೇಶ.

ಜಗಳ ಶುರುವಾದದ್ದು ಒಂದು ರಬ್ಬರಿಗೆ.
ಸುಮಯ್ಯಾಳ ಹಣೆ ಬೆಂಚಿನ ಮೂಲೆಗೆ ಬಡಿದು
ಮೂರು ಹೊಲಿಗೆ.
ಬಿಡಿಸಲು ಹೋದವಳು ನಾನು.

ಸಂಜೆ ಎಸ್‌ಡಿಎಂಸಿ ಮೀಟಿಂಗು.
ಮಂಡಕ್ಕಿ ಭಟ್ಟಿಯ ಹೊಗೆ ಕಿಟಕಿಯಿಂದ ಬಂದು
ತಾನೂ ಒಂದು ಕುರ್ಚಿ ಎಳೆದುಕೊಂಡಿತ್ತು.
'ಟಿಸಿ ಕೊಟ್ಟು ಕಳಿಸಿಬಿಡಿ' ಅಂದರು ಒಬ್ಬರು.
'ಎಲ್ಲಿಗೆ?' ಅಂದೆ.
ಅಷ್ಟರಲ್ಲಿ ಟೀ ಬಂತು.
ಅಧ್ಯಕ್ಷ ಹಾಲೇಶ, ನನ್ನ ಹಳೇ ವಿದ್ಯಾರ್ಥಿ,
ಹದಡಿ ರಸ್ತೆಯಲ್ಲಿ ಈಗ ಟೈರಿನ ಅಂಗಡಿ:
'ನಾಲ್ಕು ಬಿಡಿ ಮಿಸ್. ಆಗ ನಮಗೆ ಬಿಡ್ತಿರಲಿಲ್ವಾ,
ಸ್ಕೇಲಿನ ಅಂಚಿನಿಂದ, ಬೆರಳ ಗೆಣ್ಣಿಗೇ!
ನಾನೇನು ಸತ್ತೆನಾ? ಅದಕ್ಕೇ ಮನುಷ್ಯ ಆದೆ.'
ಎಲ್ಲರೂ ನಕ್ಕರು.
'ಈಗ ಹೊಡೆಯುವ ಹಾಗಿಲ್ಲ, ಕಾನೂನು' ಅಂದೆ.
ಬೇರೆ ಮಾತು ಗೊತ್ತಿದ್ದರೆ ಅದನ್ನೇ ಆಡುತ್ತಿದ್ದೆ.
ನಾನು ಮಾತಾಡುವಷ್ಟು ಹೊತ್ತೂ
ಹಾಲೇಶನ ಎಡಗೈ ಮೇಜಿನ ಕೆಳಗೇ ಇತ್ತು.

ಮರುದಿನ ಅವನ ತಾಯಿ ತಿಪ್ಪಕ್ಕ ಬಂದಳು,
ತಲೆಗೂದಲ ತುಂಬ ಹೊಟ್ಟಿನ ಬೂದಿ.
ಬಾಗಿಲಲ್ಲೇ ಮಗನ ಬೆನ್ನಿಗೊಂದು ಬಿಟ್ಟಳು,
ನನಗೆ ಮರ್ಯಾದೆ ಕೊಟ್ಟ ಹಾಗೆ.
'ರಾತ್ರಿ ಎರಡಕ್ಕೆ ನನ್ನ ಜೊತೀಗೇ ಏಳ್ತಾನ್ರೀ,
ಭಟ್ಟಿ ಮುಂದೆ ಚೀಲದ ಮ್ಯಾಲೆ ಮಲಗ್ತಾನೆ.
ಕಾದ ಮರಳಿಗೆ ಬಿದ್ದ ಅಕ್ಕಿ, ಸಿಡೀತಾನೆ.'
ಸರಿ, ಅದು ಕಾರಣ.
ಆದರೆ ಕಾರಣದಿಂದ ಹೊಲಿಗೆ ಬಿಚ್ಚುವುದಿಲ್ಲ.

ಗಂಟೆ ಬಾರಿಸುವ ಕೆಲಸ ಕೊಟ್ಟು ನೋಡಿದೆ.
ಹನ್ನೊಂದೂವರೆಗೇ ಲಾಂಗ್ ಬೆಲ್ ಹೊಡೆದು
ಇಡೀ ಶಾಲೆಯನ್ನು ಮನೆಗೆ ಕಳಿಸಿದ.

ಕೊನೆಗೆ ಹತ್ತಿ, ಟಿಂಚರ್ ಸೀಸೆ ಅವನ ಕೈಗಿಟ್ಟೆ.
'ನೀನು ಮಾಡಿದ್ದು. ನೀನೇ ಹಚ್ಚು.
ಪ್ರಾರ್ಥನೆ ಮುಗಿದ ಮೇಲೆ, ದಿನಾ, ವಾಸಿಯಾಗುವ ತನಕ.'
ಮೊದಲ ದಿನ ಮುಖ ತಿರುಗಿಸಿ ಅರ್ಧ ಸೀಸೆ ಸುರಿದ.
ಎರಡನೇ ದಿನ, 'ಉರೀತದಾ?'
'ಉರೀತದೆ.'
ನಾಲ್ಕನೇ ದಿನ, ಹೇಳದೆಯೇ, ಊದಿದ.
ಬಾಯಿ ಅಷ್ಟು ಹತ್ತಿರ ಬಂದಾಗ
ನನ್ನ ಕೈ ತಾನಾಗಿ ಹಿಂದೆ ಸರಿಯಿತು;
ಅದನ್ನು ಅವನೂ ನೋಡಿದ.

'ಮಿಸ್, ಅವನಿಗೆ ಶಿಕ್ಷೆ ಇಲ್ವಾ?' ಸುಮಯ್ಯಾ ಕೇಳಿದಳು.
'ಇದೇ' ಅಂದೆ.
'ನನ್ನ ಹಣೆಗೆ ಅವನು ಹಚ್ಚೋದು ಬೇಡ.'
'ಬೇಡ.'
ಕಿಟಕಿ ಪಕ್ಕದ ಜಾಗ ಕೇಳಿದಳು, ಕೊಟ್ಟೆ.
ಕೈ ಕುಲುಕಿ, ರಾಜಿಯಾಗಿ ಅನ್ನುವ ನನ್ನ ಹಳೇ ಚಾಳಿಯನ್ನು
ಅವತ್ತು ಬಿಟ್ಟೆ.

ಗುರುತು ಮಾಸಿತು. ಹುಡುಗ ಸುಧಾರಿಸಿದ ಅಂತ
ರಿಜಿಸ್ಟರಿನಲ್ಲಿ ಬರೆದಿಲ್ಲ;
ಶುಕ್ರವಾರ ಯಾರದೋ ನೀರಿನ ಬಾಟಲಿ
ಛಾವಣಿ ಮೇಲೆ ಹೋಗಿ ಬಿತ್ತು.

ಹಾಲೇಶ ಒಮ್ಮೆ ಗಾಡಿ ನಿಲ್ಲಿಸಿ ವಿಚಾರಿಸಿದ.
'ಎಡಗೈ ತೋರಿಸು' ಅಂದೆ, ಸುಮ್ಮನೆ, ಮೆತ್ತಗೆ.
ನಲವತ್ತು ದಾಟಿದ ಗಂಡಸು,
ಮುಷ್ಟಿ ಬಿಗಿದು
ಬೆನ್ನ ಹಿಂದೆ ಮಾಡಿಕೊಂಡ.
ಆಮೇಲೆ ನಗಲು ನೋಡಿದ. ನಾನೂ ನೋಡಿದೆ.
ಆಗಲಿಲ್ಲ ಇಬ್ಬರಿಗೂ.

ದಸರಾ ರಜೆ ಮುಗಿದ ಸೋಮವಾರ
ಓಬಳೇಶ ಬಾಯಿ ಅಗಲಿಸಿ ಎದುರು ನಿಂತ:
'ಬಂತು ಮಿಸ್. ಮುಟ್ಟಿ ನೋಡ್ರಿ.'
ಖಾಲಿ ಜಾಗದಲ್ಲಿ ಅಕ್ಕಿನುಚ್ಚಿನಷ್ಟು ಬಿಳುಪು.
ಬೆರಳು ಗಾಳಿಯಲ್ಲಿ ತುಸು ಹೊತ್ತು ನಿಂತಿತು.
ಮುಟ್ಟಿದೆ.
ಗರಗಸದ ಹಾಗೆ ಸಣ್ಣ ಸಣ್ಣ ಮೊನೆ.
ಹೊಸ ಹಲ್ಲು ಹಾಗೇ ಇರುತ್ತದಂತೆ, ಮೊದಮೊದಲು.