ಚಕ್ಕುಬಂದಿ

ಕಾಟೀಹಳ್ಳಿ ಕೈಗಾರಿಕಾ ಪ್ರದೇಶದ ಕೊನೇ ಶೆಡ್ಡು.
ಮೂಟೆ ಬಿಚ್ಚಿದರೆ ಬನಿಯನ್ ಚೂರು, ಕಾಲರಿನ ಅಂಚು.
ಗಾರ್ಮೆಂಟ್ಸಿನಲ್ಲಿ ಏಳು ವರ್ಷ
ನಾನೇ ಕತ್ತರಿಸಿ ಕಾಲ ಬುಡಕ್ಕೆ ಬಿಟ್ಟದ್ದು.
ಈಗ ಅದನ್ನೇ ನೆನೆಹಾಕುತ್ತೇನೆ.
ಗಂಟೆಗಿಷ್ಟು ಪೀಸೆಂದು ಎಣಿಸುತ್ತಿದ್ದ ಬೆರಳು
ತೊಟ್ಟಿಯಲ್ಲಿ ಸುಮ್ಮನೆ ಕಲಕುತ್ತದೆ,
ಅಂಬಲಿಯ ಹದ ನೋಡುವಂತೆ.

ಬೀಜ ಕೊನೆಗೆ.
ಮೊದಲೇ ಸುರಿದರೆ ಬೀಟರಿನ ಹಲ್ಲಿಗೆ ಸಿಕ್ಕಿ ಹಿಟ್ಟು.
ಅವರೆ ಆಗದು, ಉಬ್ಬಿ ಹಾಳೆ ಹರಿದೀತು.
ಕಾಮಕಸ್ತೂರಿ ನೀರು ಕಂಡದ್ದೇ ಲೋಳೆಯುಟ್ಟು
ಕಪ್ಪೆಮೊಟ್ಟೆಯ ಹಾಗೆ ಕಣ್ಣು ಬಿಡುತ್ತದೆ.
ದಂಟು ಆಗುತ್ತದೆ. ಸಾಸಿವೆ, ಪರವಾಗಿಲ್ಲ.
ಒಂದು ಚಿಟಿಕೆ ಉದುರಿಸಿ
ಜರಡಿ ಎತ್ತಿ ಒಮ್ಮೆ ಅಲುಗಿಸಿ
ನೀರು ಬಸಿಯುವ ಸದ್ದು ನಿಲ್ಲುವ ಮುನ್ನ
ಬಟ್ಟೆಗೆ ಮಗುಚಬೇಕು.
ಮಾರನೇ ದಿನದೊಳಗೆ ಒಣಗಲೇಬೇಕು.
ಹೋದ ಶ್ರಾವಣದಲ್ಲಿ ನಾಲ್ಕು ದಿನ ಮೋಡ ಕೂತು
ಯಾರದೋ ಮದುವೆಯ ಮುನ್ನೂರು ಹಾಳೆ
ಗಂಡು ಹೆಣ್ಣಿನ ಹೆಸರು ಅಚ್ಚಾಗುವ ಮೊದಲೇ
ತಂತಿಯ ಮೇಲೆ ಮೊಳೆತುಬಿಟ್ಟವು.
ಫರ್ಜಾನಾ ಮೇಡಂ ತಲೆ ಚಚ್ಚಿಕೊಂಡರು.
ನಾನೂ ಕೆಂಚಮ್ಮನೂ ಆ ಕಡೆ ತಿರುಗಿ ನಕ್ಕೆವು.

ಬುಧವಾರ ಬಂದವರು ಬಾಣಾವರದ ಷಡಕ್ಷರಪ್ಪ.
ಸಬ್ ರಿಜಿಸ್ಟ್ರಾರ್ ಕಚೇರಿಯ ಹೊಂಗೆಯಡಿ
ನಲವತ್ತೊಂದು ವರ್ಷ ಪತ್ರ ಬರೆದವರು.
ಕಂಪ್ಯೂಟರ್ ಬಂತು, ಆಮೇಲೆ ಮರವೂ ಹೋಯಿತು,
ಪೆನ್ನು ಮಾತ್ರ ಜೇಬಿನಲ್ಲಿ.
"ಒಂದೇ ಒಂದು ಹಾಳೆ ಕೊಡವ್ವ."
ಬಿಡಿ ಮಾರೋದಿಲ್ಲ ಅಂದೆ. ಕೂತರು.
ಮಾದರಿಯ ಹಾಳೆ ತೆಗೆದು ಬೆಳಕಿಗೆ ಹಿಡಿದರು,
ಛಾಪಾ ಕಾಗದದ ನೀರ್ಗುರುತು ಹುಡುಕುವ ಚಾಳಿ.
ಕಂಡದ್ದು ದಂಟಿನ ಕಪ್ಪು ಚುಕ್ಕಿ.
"ಎಷ್ಟು ಕಾಲ ಬಾಳುತ್ತೆ ಇದು?"
ಹೂಳೋವರೆಗೆ, ಅಂದೆ.

"ನಾನು ಬರೆದದ್ದೆಲ್ಲ ಆಚಂದ್ರಾರ್ಕ ಕಣವ್ವ,
ಪುತ್ರ ಪೌತ್ರ ಪಾರಂಪರ್ಯ.
ಚಂದ್ರ ಇದ್ದಾನೆ. ಪತ್ರಗಳೂ ಇವೆ.
ಗೆದ್ದಲು ಕೂಡ ಮುಟ್ಟಿಲ್ಲ.
ಒಂದರಲ್ಲಿ, ಚಕ್ಕುಬಂದಿ ಬರೆಯೋವಾಗ,
ಪಡುವಣದ ಬಾವಿಯನ್ನ
ಅಣ್ಣನ ಗಡಿಯೊಳಗೆ ತಂದುಬಿಟ್ಟೆ.
ಬಾವಿ ತಂಗಿಯದು."

ಎಷ್ಟು ಕೊಟ್ಟಿದ್ದರು ಎಂದು ನಾನು ಕೇಳಲಿಲ್ಲ.
ಅವರೇ ಹೇಳಿದರು:
"ಇನ್ನೂರೈವತ್ತು. ಮೇಲೊಂದು ಕಾಫಿ."

ಅಂಚು ಹರಿದ ರಿಜೆಕ್ಟ್ ಹಾಳೆಯೊಂದಿತ್ತು, ಕೊಟ್ಟೆ.
ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು
ತೊಡೆಯ ಮೇಲಿಟ್ಟು ಬರೆದರು.
ಗಂಜಿ ಕಮ್ಮಿ ಸಾರ್, ಶಾಯಿ ಹರಡುತ್ತೆ ಅಂದೆ.
"ಹರಡಲಿ."
ಹಳೇ ರೂಢಿಯಂತೆ ನಾಲ್ಕು ಮಡಿಕೆ ಮಾಡಿ
ಎದ್ದು ನಿಂತು ಕೇಳಿದರು:
"ನೆಟ್ಟಮೇಲೆ ಅಕ್ಷರ ಏನಾಗುತ್ತೆ?"

ಬೀಜ ಎಷ್ಟು ಆಳ, ನೀರು ಎಷ್ಟು, ಮೊಳಕೆ ಎಷ್ಟನೇ ದಿನ,
ಬಾಯಿಪಾಠ ನನಗೆ. ಇದು ಗೊತ್ತಿರಲಿಲ್ಲ.
ಕೆಂಪು ದಂಟು ಸಾರ್, ಅಂದೆ,
ಅದೇ ಉತ್ತರವೇನೋ ಎಂಬಂತೆ.

ಕೆಂಚಮ್ಮ ಪ್ರೆಸ್ಸಿನ ತಿರುಪು ಬಿಗಿಯುತ್ತಿದ್ದಳು.
ತಲೆ ಎತ್ತಲಿಲ್ಲ.
"ಮಣ್ಣಿಗೆ ಬರೆದುಕೊಟ್ಟರೆ ಬಾವಿ ವಾಪಸ್ ಬತ್ತದಾ?
ತಂಗಿ ಮನೆ ಎಲ್ಲಿ ಅಂತ ಗೊತ್ತಲ್ಲ ನಿಮಗೆ."
ಷಡಕ್ಷರಪ್ಪ ಚಪ್ಪಲಿ ಹುಡುಕಿದರು.
ಚಪ್ಪಲಿ ಕಾಲಲ್ಲೇ ಇತ್ತು.
ಗೇಟು ದಾಟಿ ಎಡಕ್ಕೆ ಹೋದರೋ ಬಲಕ್ಕೋ,
ಹೊಗೆ ಬಿಟ್ಟು ಲಾರಿ ಅಡ್ಡ ಬಂತು.

ಸಂಜೆ ತೊಟ್ಟಿ ತೊಳೆದೆ.
ಮೂಡಲಿಗೆ ಒಣಹಾಕುವ ತಂತಿ,
ತೆಂಕಲಿಗೆ ಕೆಂಚಮ್ಮನ ಪ್ರೆಸ್ಸು,
ಪಡುವಣಕ್ಕೆ ಚಿಂದಿಯ ಮೂಟೆ,
ಬಡಗಲಿಗೆ ಮೋರಿ.
ತೊಳೆದ ನೀರಿನ ಸಂಗಡ ತಪ್ಪಿಸಿಕೊಂಡ ಬೀಜ
ಅಲ್ಲಿ ಯಾರ ಹೆಸರಿಗೂ ಆಗದೆ
ಮೊಣಕಾಲೆತ್ತರ ನಿಂತಿದೆ.
ಎರಡು ಹಿಡಿ ಮುರಿದೆ. ಒಂದು ಕೆಂಚಮ್ಮನಿಗೆ.

ತಣ್ಣೀರುಹಳ್ಳದ ಬಸ್ಸಿನಲ್ಲಿ
ಮಡಿಲಿನ ಸೊಪ್ಪು ಸೀರೆಗೆ ಬಣ್ಣ ಬಿಡುತ್ತಿತ್ತು.
ಮನೆಯಲ್ಲಿ ಬೇಳೆ ಇದೆಯೋ ಇಲ್ಲವೋ,
ಡಬ್ಬಿಯನ್ನು ನೆನಪಿನಲ್ಲೇ ಅಲ್ಲಾಡಿಸಿ ನೋಡಿದೆ.