ಗಡ್ಡೆ ಕಣ್ಣು ಬಿಡುವ ಮೊದಲು

ಜಪಾನಿನ ಆ ಕಾರ್ಟೂನಿನಲ್ಲಿ
ಒಂದು ಎಲೆ ಮಗುಚಲು ಮೂರು ಎಪಿಸೋಡು ಬೇಕು.
ಹುಡುಗ ಪಣಕ್ಕಿಟ್ಟದ್ದು ದುಡ್ಡಲ್ಲ, ತನ್ನ ಹೆಸರು;
ಸೋತರೆ ಇನ್ನು ಅವನನ್ನು ಯಾರೂ ಕರೆಯುವಂತಿಲ್ಲ.
ಹಣೆಯಿಂದ ಹೊರಟ ಬೆವರ ಹನಿ
ಗಲ್ಲ ಮುಟ್ಟುವಷ್ಟರಲ್ಲಿ
ಅವನ ಬಾಲ್ಯವೆಲ್ಲ ಒಮ್ಮೆ ಬಂದು ಹೋಗುತ್ತದೆ.
ಎದುರಾಳಿ ನಗುತ್ತಾನೆ, ಹಲ್ಲು ಗರಗಸ.
ಆಮೇಲೆ ಪರದೆಯ ತುಂಬ ಬರೀ ಕಣ್ಣು.

ಮಂಡಿಯ ಹಿಂಕೋಣೆಯಲ್ಲಿ, ಗೋಣಿ ರಾಶಿಯ ಮೇಲೆ ಕೂತು
ಇದನ್ನು ಚೆಲುವಾಜತ್ತೆಗೆ ತೋರಿಸಿದೆ.
ಕನ್ನಡಕ ಏರಿಸಿ ನೋಡಿದಳು.
"ಹಿಂಗ್ ಬೆವರೋನಿಗೆ ಯಾವನೇ ರೇಟ್ ಕೊಟ್ಟಾನು?"

ಹಾಸನದ ಮಾರ್ಕೆಟ್ಟಿನಲ್ಲಿ ಇಪ್ಪತ್ತಾರು ವರ್ಷ
ಟವೆಲ್ಲಿನ ಕೆಳಗೆ ಕೈ ಕೊಟ್ಟವಳು.
ಸಾವಿರದ ಲೆಕ್ಕ ಎಲ್ಲರಿಗೂ ಗೊತ್ತು, ನೂರು ಮಾತ್ರ ಬೆರಳಲ್ಲಿ.
ನಾಕು ಬೆರಳು ಅದುಮಿದರೆ ನಾನೂರು,
ಗೆಣ್ಣು ಸವರಿದರೆ ಐವತ್ತು,
ಅಂಗೈ ಕೆರೆದರೆ ಎದ್ದು ನಡಿ ಅಂತ.
ಮೇಲಿನ ಮುಖ ಬೇರೆಯೇ ಸಂಸಾರದ್ದು:
ಸೊಸೆಗೆಷ್ಟು ತಿಂಗಳು, ಆಲೂರಲ್ಲಿ ಮಳೆಯಾಯ್ತಂತಲ್ಲ.

ಆವತ್ತು ಗುರುವಾರ.
ಹಿಂದಿನ ಸಾಲಿನ ನಲವತ್ತು ಚೀಲ
ಕಣ್ಣು ಬಿಡಲು ಶುರುಮಾಡಿತ್ತು.
ಆಲೂಗಡ್ಡೆಗೆ ಮೈಯೆಲ್ಲ ಕಣ್ಣು; ಮುಚ್ಚಿದ್ದಷ್ಟು ದಿನ ಬೆಲೆ.
ತೆರೆದು ಬೆಳ್ಳಗೆ ನೋಡಿತೋ, ದನವೂ ಮೂಸುವುದಿಲ್ಲ.
ಎದುರಿಗೆ ಪೆನ್ಷನ್ ಮೊಹಲ್ಲಾದ ಇಲಿಯಾಸ್ ಸಾಬರು,
ಬೆರಳು ಎರಡರಿಂದ ಮೇಲೇಳುತ್ತಿಲ್ಲ.
ಅತ್ತೆ ನನ್ನತ್ತ ತಿರುಗಿ, ಮಜ್ಜಿಗೆ ಬೇಕಾ ಅನ್ನುವ ದನಿಯಲ್ಲಿ,
"ಕಣ್ಣೂರಿನ ಲಾರಿ ಎಲ್ಲಿಗೆ ಬಂತು ಕೇಳೇ" ಅಂದಳು.

ಲಾರಿಯಿಲ್ಲ. ಕಣ್ಣೂರಲ್ಲಿ ನಮಗೆ ಯಾರೂ ಇಲ್ಲ.

ಫೋನು ಕಿವಿಗಿಟ್ಟೆ.
"ಅಣ್ಣಾ, ಅರಕಲಗೂಡು ದಾಟಿದ್ರಾ?"
ಹಣೆಯಲ್ಲಿ ಒಂದು ಹನಿ ಹೊರಟದ್ದು ಗೊತ್ತಾಯಿತು.
ಹುಬ್ಬಿನ ಹತ್ತಿರ ಬಂದು ನಿಂತಿತು.
ನನ್ನ ಬಾಲ್ಯ ಬರಲಿಲ್ಲ. ಬಂದದ್ದು ರಿಂಗು,
ಮಾತಾಡುತ್ತಿದ್ದ ಫೋನೇ ಕಿವಿಯೊಳಗೆ ಬಡಕೊಂಡಿತು.

ಹಮಾಲಿಗಳು ಹೊತ್ತ ಚೀಲ ಹೊತ್ತೇ ನಿಂತರು.
ತಕ್ಕಡಿಯ ಮುಳ್ಳು ಕೂಡ.
ಅತ್ತೆ ರೆಪ್ಪೆ ಹೊಡೆಯಲಿಲ್ಲ:
"ಎತ್ತೇ, ಎರಡನೇ ಲಾರಿಯವ್ನಿರ್ಬೇಕು."

ಎತ್ತಿದೆ.
ರಮ್ಮಿ ಆಡಿ, ಮೊದಲ ಆಟದ ಬೋನಸ್ಸು ನಮ್ಮದು ಅಂತ
ರೆಕಾರ್ಡಿನ ಹೆಣ್ಣೊಬ್ಬಳು ಜೇನು ಸುರಿಯುತ್ತಿದ್ದಳು.
"ಹ್ಞೂ ಅಣ್ಣಾ, ಬನ್ನಿ, ಮಾಲು ಇದೆ" ಅಂದೆ ಆಕೆಗೆ.
ಟವೆಲ್ಲು ಬುಟ್ಟಿಯ ಮೀನಿನಂತೆ ಮಿಸುಕಿತು.
ಮೂರು ಬೆರಳು. ಒಂದು ಗೆಣ್ಣು.

ಸಂಜೆ ಟೀ ಅಂಗಡಿಯಲ್ಲಿ ಸಾಬರು ಬನ್ನು ಅದ್ದುತ್ತ
ಗ್ಲಾಸನ್ನೇ ನೋಡಿಕೊಂಡು ಕೇಳಿದರು:
"ಅಲ್ಲಮ್ಮ, ನಿಮ್ಮ ಲಾರಿ ಡ್ರೈವರ್‌ಗೆ
ಕೂದಲು ಅಷ್ಟು ನೀಲಿ ಯಾಕೆ?"
ಕಿವಿಗಿಡುವ ಮೊದಲೇ ಪರದೆ ಕಂಡಿತ್ತಂತೆ.
ಅವರ ಮೊಮ್ಮಗನೂ ಅದನ್ನೇ ನೋಡುವುದಂತೆ.
"ಎಷ್ಟನೇ ಎಪಿಸೋಡಲ್ಲಿದೀಯ?"
ಬನ್ನು ಮುಗಿಯಿತು. ಗಡ್ಡ ಒರೆಸಿಕೊಂಡರು.
"ನಾಕಕ್ಕೂ ತಯಾರಾಗೇ ಬಂದಿದ್ದೆ.
ನಿಮ್ಮತ್ತೆ ಮೂರೂವರೆಗೆ ಬಿಟ್ಟರು."
ಅವರ ಲಾರಿ, ನಿಜದ್ದು, ಟಾರ್ಪಾಲು ಬಿಗಿದು
ಸಕಲೇಶಪುರದ ಕಡೆ ಮುಖಮಾಡಿ ಗುರುಗುಡುತ್ತಿತ್ತು.

ರಾತ್ರಿ ಅತ್ತೆ ಬೆರಳಿಗೆ ಉಗುಳು ಹಚ್ಚಿ ನೋಟು ಎಣಿಸುತ್ತಿದ್ದಳು.
"ನೋಡಿದ್ಯಾ ಸಾಬರ ಮುಖವ? ಪೂರ್ತಿ ನಂಬ್‌ಬಿಟ್ರು!"
ನನ್ನ ಮುಖವನ್ನು ಎಲ್ಲಿಟ್ಟುಕೊಳ್ಳಲಿ ತಿಳಿಯದೆ,
"ಆಲೂರಲ್ಲಿ ಮಳೆಯಾಯ್ತಂತೆ" ಅಂದೆ.

ಎಣಿಕೆ ನಿಂತಿತು.
ಆಕೆ ನನ್ನನ್ನೇ ನೋಡಿದಳು,
ಎಲೆ ಮಗುಚುವವರು ನೋಡುವಷ್ಟು ಹೊತ್ತು.
ಆಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು
ಗೋಣಿಯ ಮೇಲೆ ನನ್ನ ಪಕ್ಕ ಕೂತಳು.
"ಹಾಕೇ ಅದನ್ನ.
ಆ ಹುಡುಗನ ಹೆಸರು ಉಳೀತಾ ನೋಡಣ."